ಪ್ರತಿಕ್ರಿಯೆ: ಫಿಲಿಪ್ಪೀನ್ಸ್ ಸೆಕೆಂಡ್ ಹ್ಯಾಂಡ್ ಹಡಗು

"ಅಮೆರಿಕ ಕೊಟ್ಟ ಹಳೇ ಹಡಗಲ್ಲಿ ವೆಪನ್ಸ್ ಎಲ್ಲಾ ಬಿಚ್ಕೊಂಡೇ ಕೊಟ್ರಾ, ಹಂಗಿದ್ರೆ ಏನ್ ಪ್ರಯೋಜನ" ಅಂತ ಕೇಳಿದೀರಲ್ಲ, ಎಲ್ಲಾ ಬಿಚ್ಚಿಲ್ಲ ಗುರೂ. ಫಿಲಿಪ್ಪೀನ್ಸ್ ನೌಕಾಪಡೆಯ ಆ ಹಡಗು, ಗ್ರೆಗೋರಿಯೋ ಡೆಲ್ ಪಿಲಾರ್, ಮೊದ್ಲು ಯುದ್ಧನೌಕೆನೇ ಅಲ್ಲ, 1967ರ ಹ್ಯಾಮಿಲ್ಟನ್ ಅನ್ನೋ ಅಮೆರಿಕನ್ ಕೋಸ್ಟ್ ಗಾರ್ಡ್ ಕಟ್ಟರ್, ಅಂದ್ರೆ ಗಸ್ತು ಹಡಗು. 2011ರಲ್ಲಿ ಕೊಡುವಾಗ ಮುಂದಿನ 76 ಎಂಎಂ ಗನ್ ಹಂಗೇ ಬಿಟ್ರು, ಫ್ಯಾಲಾಂಕ್ಸ್ (ಹತ್ರ ಬರೋ ಮಿಸೈಲ್ ಹೊಡೆಯೋ ಆಟೋಮ್ಯಾಟಿಕ್ ಗನ್), 25 ಎಂಎಂ ಗನ್‌ಗಳು, ವಿಮಾನ ಪತ್ತೆ ಹಚ್ಚೋ ಏರ್ ಸರ್ಚ್ ರೇಡಾರ್ ಮಾತ್ರ ಕಿತ್ಕೊಂಡ್ರು, 25 ಎಂಎಂ ಆಮೇಲೆ ವಾಪಸ್ ಹಾಕಿಸ್ಕೊಂಡ್ರು. ಮಿಸೈಲ್ ಅಂತೂ ಇಲ್ಲ.

ನಂಗೆ ಕೇಳಿದ್ರೆ ನಿಜವಾದ ತಲೆನೋವು ಗನ್ ಅಲ್ಲ, ಇಂಜಿನ್. ಎರಡು ಡೀಸೆಲ್, ಜೊತೆಗೆ ತಲಾ 18,000 ಹಾರ್ಸ್‌ಪವರ್‌ನ ಎರಡು ಗ್ಯಾಸ್ ಟರ್ಬೈನ್, ಟರ್ಬೈನ್ ಹಾಕಿದ್ರೆ 29 ನಾಟ್ (ಗಂಟೆಗೆ ಸುಮಾರು 54 ಕಿ.ಮೀ.) ಹೋಗುತ್ತೆ ಆದ್ರೆ ಎಣ್ಣೆ ನೀರು ಕುಡ್ದಂಗೆ ಕುಡಿಯುತ್ತೆ, ಡೀಸೆಲ್‌ನಲ್ಲಿ ನಿಧಾನಕ್ಕೆ ಹೋದ್ರೆ ಮಾತ್ರ ಸಾವಿರಾರು ಮೈಲಿ ಗಸ್ತು ತಿರುಗ್ಬೋದು, ಅವರಿಗೆ ಬೇಕಾಗಿದ್ದೂ ಅದೇ.

ಅಂದಹಾಗೆ ಇದಕ್ಕಿಂತ ಮುಂಚೆ ಅವರ ಫ್ಲ್ಯಾಗ್‌ಶಿಪ್ (ನೌಕಾಪಡೆಯ ಮುಖ್ಯ ಹಡಗು) ಆಗಿದ್ದ ರಾಜಾ ಹುಮಾಬೋನ್ 1943ರದ್ದು, ಅಮೆರಿಕ ಆಮೇಲೆ ಜಪಾನ್ ಎರಡೂ ಕಡೆ ದುಡಿದು ಬಂದಿದ್ದು! ಅದರ ಪಕ್ಕ ಇದು ಹೊಸದೇ. 2012ರಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಎರಡೂ ದೇಶ ನಮ್ದು ಅನ್ನೋ ಸ್ಕಾರ್ಬರೋ ಶೋಲ್ ಹತ್ರ ಚೀನಾ ಮೀನುಗಾರಿಕೆ ದೋಣಿಗಳನ್ನ ಚೆಕ್ ಮಾಡೋಕೆ ಕಳ್ಸಿದ್ದೂ ಇದನ್ನೇ.