ಹಗ್ಗ ಕಟ್ಟುವವನಿಗೂ ಒಂದು ಹೊಳೆ ಬೇಕು

ನೀವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಡೆಸುತ್ತಿದ್ದೀರಿ, ಒಬ್ಬರು ಕಥೆ ಹೇಳಿ ಉಳಿದವರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ಆಟ. ನಿಮ್ಮ ಗುಂಪಿನ ಹುಡುಗ ರೇಂಜರ್, ಅಂದರೆ ಕಾಡುಮೇಡು ಬಲ್ಲವನ ಪಾತ್ರ ತಗೊಂಡು, ತನಗೆ ಗೊತ್ತಿರುವ ನೆಲ ಅಂತ ಕಡಲತೀರ ಆರಿಸಿದ್ದಾನೆ, ಕಥೆ ಮಾತ್ರ ಪೂರ್ತಿ ಬೆಟ್ಟದಲ್ಲಿ. ನೆಲ ಬದಲಾಯಿಸಲು ಅವನಿಗೆ ಹೇಳಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ, ಮೊದಲು ಕಥೆಯನ್ನು ಸ್ವಲ್ಪ ಬಾಗಿಸಿ ನೋಡಿ.

ನಾವು ಬದಿಯಡ್ಕದಲ್ಲಿ ಭಾನುವಾರ ಆಡುತ್ತೇವೆ, ಕಥೆ ನಡೆಸುವುದು ನಾನು. ನಮ್ಮದು ಅದೇ ಆಟದ ಹಳೆಯ 3.5 ಆವೃತ್ತಿಯ ನಿಯಮ. ಅದರಲ್ಲಿ ಹಗ್ಗ ಬಳಸುವುದಕ್ಕೇ ಬೇರೆ ಕೌಶಲ ಇದೆ. ಒಬ್ಬ ತನ್ನ ಪಾತ್ರದ ಅಂಕವನ್ನು ಅದಕ್ಕೇ ಸುರಿದ, ಆದರೆ ಕಥೆಯಲ್ಲಿ ಹಗ್ಗದ ಕೆಲಸ ಬರಲೇ ಇಲ್ಲ. ಐದಾರು ವಾರ ದಾಳವನ್ನು ಕೈಯಲ್ಲೇ ತಿರುಗಿಸುತ್ತಾ ಸುಮ್ನೆ ಕೂತಿದ್ದ. ನನಗೆ ಪಾಪ ಅನಿಸಿತು. ಮುಂದಿನ ವಾರ ಕಥೆಯಲ್ಲಿ ತುಂಬಿದ ಹೊಳೆ ಇಟ್ಟೆ, ನಮ್ಮ ಚಂದ್ರಗಿರಿ ಮಳೆಗಾಲದಲ್ಲಿ ಇರುತ್ತಲ್ಲ, ಹಾಗೆ. ಹಗ್ಗ ಎಸೆದು ಎಲ್ಲರನ್ನೂ ದಾಟಿಸಿದ. ಆಚೆ ದಡದಲ್ಲಿ ಕಳ್ಳನನ್ನು ಕಟ್ಟಿಹಾಕಿದವನೂ ಅವನೇ. ಕಟ್ಟುವವನಿಗೆ ಆ ನಿಯಮದಲ್ಲಿ 10 ಅಂಕ ಜಾಸ್ತಿ ಸಿಗುತ್ತದೆ, ಕಳ್ಳನಿಗೆ ಬಿಡಿಸಿಕೊಳ್ಳಲು ಆಗಲೇ ಇಲ್ಲ. ಅವನ ಮುಖ ನೀವು ನೋಡಬೇಕಿತ್ತು!

ನಿಮ್ಮದು 2014ರ ಐದನೇ ಆವೃತ್ತಿ ಅಲ್ವಾ? ಅಲ್ಲಿ ಕೌಶಲಗಳು 18 ಮಾತ್ರ, ಹಗ್ಗದ್ದು ಇಲ್ಲ. ಆದರೆ ರೇಂಜರಿಗೆ ನೆಲದ ತೊಡಕು ಇದೆ, ಅವನ ಆ ನೆಲದ ಜಾಣ್ಮೆ ಆರಿಸಿಕೊಂಡ ನೆಲದಲ್ಲಷ್ಟೇ ನಡೆಯುತ್ತದೆ. ಪಾತ್ರ ಬೆಳೆದು 6ನೇ ಮತ್ತು 10ನೇ ಹಂತ ಮುಟ್ಟಿದಾಗ ಇನ್ನೊಂದೊಂದು ನೆಲ ಸಿಗುತ್ತದೆ, ಅಲ್ಲಿವರೆಗೆ ಕಾಯಿಸಬೇಡಿ. ಬೆಟ್ಟದ ಊರಿಗೂ ಉಪ್ಪು, ಒಣಮೀನು ಎಲ್ಲಿಂದಲೋ ಬರಬೇಕಲ್ಲ. ಅದೇ ದಾರಿಯಲ್ಲಿ ನಿಮ್ಮ ಗುಂಪನ್ನು ಎರಡು ವಾರ ಕಡಲಿಗೆ ಇಳಿಸಿ. ರೇಂಜರಿಗೆ 2020ರಲ್ಲಿ ಬಂದ ಬದಲಿ ನಿಯಮದಲ್ಲಿ ನೆಲದ ಹಂಗಿಲ್ಲ, ಅದನ್ನೂ ಅವನಿಗೆ ತೋರಿಸಿ. ಬೇಕೆನಿಸಿದರೆ ಅವನೇ ತಗೊಳ್ಳಲಿ.