ಪ್ರತಿಕ್ರಿಯೆ: ಬ್ರೂಸ್ ಬೀಚ್‌ಗೆ ಪರಿಹಾರ ಕೊಟ್ಟಿದ್ದರಲ್ಲವೇ?
ಮಾನ್ಯರೇ, ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ನಗರಾಡಳಿತ ಪರಿಹಾರ ಕೊಟ್ಟೇ ಕಪ್ಪು ಜನಾಂಗದ ಬ್ರೂಸ್ ದಂಪತಿಗಳ ಜಮೀನನ್ನು (ಬ್ರೂಸ್ ಬೀಚ್) ಸ್ವಾಧೀನಪಡಿಸಿಕೊಂಡಿರುವಾಗ ಅದನ್ನು ಕಸಿದುಕೊಂಡದ್ದು ಎನ್ನುವುದು ಹೇಗೆ, ಮರಳಿ ಸಿಕ್ಕ ಜಮೀನನ್ನು ವಂಶಸ್ಥರು ಮಾರಿದ್ದೇಕೆ ಎಂದು ತಾವು ಕೇಳಿದ್ದೀರಿ.

ವಿಲ್ಲಾ ಬ್ರೂಸ್ ಅವರು 1912ರಲ್ಲಿ ಕಡಲಂಚಿನ ಮೊದಲ ನಿವೇಶನವನ್ನು 1,225 ಡಾಲರಿಗೆ ಕೊಂಡು, ಬೇರೆ ಹೆಚ್ಚಿನ ಕಡಲತೀರಗಳಲ್ಲಿ ಪ್ರವೇಶವಿಲ್ಲದಿದ್ದ ಕಪ್ಪು ಜನರಿಗಾಗಿ ವಿಹಾರಧಾಮ ನಡೆಸತೊಡಗಿದರು. ನೆರೆಯ ಬಿಳಿಯರ ಕಿರುಕುಳಕ್ಕೆ ಅವರು ಜಗ್ಗದಿದ್ದಾಗ, 1924ರಲ್ಲಿ ನಗರಾಡಳಿತ ಉದ್ಯಾನದ ನೆಪ ಮುಂದೊಡ್ಡಿ ಭೂಸ್ವಾಧೀನಕ್ಕೆ ಕೈಹಾಕಿತು. ಅದೇ ಆದೇಶದಲ್ಲಿ ಬಿಳಿಯರ ಕೆಲವು ನಿವೇಶನಗಳೂ ಹೋದವೆಂಬುದು ನಿಜ; ಆದರೆ ಅವು ಖಾಲಿ ಜಾಗಗಳಾಗಿದ್ದವು, ಕಟ್ಟಿದ ಮನೆ ಕಳೆದುಕೊಂಡವರು ಕಪ್ಪು ಕುಟುಂಬದವರು. ಬ್ರೂಸ್ ದಂಪತಿಗಳು 1,20,000 ಡಾಲರ್ ಕೇಳಿದ್ದರು, ದೊರೆತದ್ದು 14,500. ಅಷ್ಟು ತುರ್ತಾಗಿ ಬೇಕಾಗಿದ್ದ ಉದ್ಯಾನಕ್ಕೆ ಮುಂದೆ ದಶಕಗಳ ಕಾಲ ಮುಹೂರ್ತವೇ ಕೂಡಿಬರಲಿಲ್ಲ! ಸ್ವಾಧೀನದ ಉದ್ದೇಶವನ್ನು ಅಳೆಯಲು ನನ್ನ ದೃಷ್ಟಿಯಲ್ಲಿ ಪರಿಹಾರದ ಮೊತ್ತಕ್ಕಿಂತಲೂ ಇದೇ ಬಲವಾದ ಸಾಕ್ಷಿ.

ಇನ್ನು ಮಾರಾಟದ ವಿಷಯ. ಆ ಜಮೀನು ಮುಂದೆ ನಗರದಿಂದ ರಾಜ್ಯಕ್ಕೂ ಅಲ್ಲಿಂದ ಲಾಸ್ ಏಂಜಲೀಸ್ ಕೌಂಟಿಗೂ (ಜಿಲ್ಲಾಡಳಿತ) ಹೋಗಿತ್ತು. 2021ರಲ್ಲಿ ರಾಜ್ಯವು ಹಸ್ತಾಂತರಕ್ಕಿದ್ದ ನಿರ್ಬಂಧವನ್ನು ಕಾನೂನಿನ ಮೂಲಕ ತೆಗೆದುಹಾಕಿದ ಬಳಿಕ, ಕೌಂಟಿಯು 2022ರಲ್ಲಿ ಜಮೀನನ್ನು ವಂಶಸ್ಥರಿಗೆ ಒಪ್ಪಿಸಿತು. ಅಲ್ಲಿ ಜೀವರಕ್ಷಕ ದಳದ ಕಚೇರಿಯಿದ್ದುದರಿಂದ ಕೌಂಟಿಯೇ ವರ್ಷಕ್ಕೆ 4,13,000 ಡಾಲರ್ ಬಾಡಿಗೆಗೆ ಉಳಿಯಿತು. ಸುಮಾರು 2 ಕೋಟಿ ಡಾಲರಿಗೆ ಕೌಂಟಿಗೇ ಮರುಮಾರಾಟ ಮಾಡುವ ಅವಕಾಶವೂ ಆ ಒಪ್ಪಂದದಲ್ಲೇ ಇತ್ತು. ಜಾಗವು ಸಾರ್ವಜನಿಕ ಬಳಕೆಯ ವಲಯದಲ್ಲಿದ್ದು, ಹಳೆಯ ವಿಹಾರಧಾಮದಂಥದನ್ನು ಮತ್ತೆ ಕಟ್ಟುವುದು ಸುಲಭಸಾಧ್ಯವಿರಲಿಲ್ಲ. ಹೀಗಿರುವಾಗ 2023ರಲ್ಲಿ ವಂಶಸ್ಥರು ಮಾರಿದ್ದನ್ನು ಆಕ್ಷೇಪಿಸಲು ನನಗಂತೂ ಕಾರಣ ಕಾಣುವುದಿಲ್ಲ.