ಚುಕ್ಕೆ, ಗೆರೆ, ಗರಿಗಳ ಫೋಟೊ ಸಂರಕ್ಷಣೆಗೆ ಉಪಯೋಗವೇ?

ಪ್ರಾಣಿ-ಪಕ್ಷಿಗಳ ಮೈಮೇಲಿನ ಚುಕ್ಕೆ, ಗೆರೆ, ಗರಿಗಳ ಫೋಟೊ ತೆಗೆಯುವ ಹುಚ್ಚಿದೆ, ಇರುವುದು ತುಮಕೂರಿನಲ್ಲಿ, ಇದರಿಂದ ಸಂರಕ್ಷಣೆಗೆ ಏನಾದರೂ ಆಗುತ್ತದಾ ಅಥವಾ ಬರೀ ಲೈಕಿಗಾ ಅಂತ ಕೇಳಿದ್ದೀರಿ. ಚಿಕ್ಕದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ತಗೊಳ್ಳಲಾ ಅಂತಲೂ ಕೇಳಿದ್ದೀರಿ.

ಖಂಡಿತ ಆಗುತ್ತದೆ. ಆದರೆ ಚೆಂದದ ಫೋಟೊ ಬೇರೆ, ಕೆಲಸಕ್ಕೆ ಬರುವ ಫೋಟೊ ಬೇರೆ. ನಾನೂ ಇದೇ ಜಿಲ್ಲೆಯವನು, ಹಾಗಾಗಿ ಇಲ್ಲಿಯದೇ ಉದಾಹರಣೆ ಕೊಡುತ್ತೇನೆ.

ದೇವರಾಯನದುರ್ಗದ ಕಡೆ ಚಿರತೆಗಳಿವೆ, ನಿಮಗೂ ಗೊತ್ತಿರುತ್ತದೆ. ಚಿರತೆಯ ಮಚ್ಚೆ ನಮ್ಮ ಹೆಬ್ಬೆರಳ ಗುರುತಿದ್ದ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ. ತಮಾಷೆ ಏನೆಂದರೆ ಅದೇ ಚಿರತೆಯ ಎಡಮಗ್ಗುಲು, ಬಲಮಗ್ಗುಲು ಕೂಡ ಒಂದೇ ಥರ ಇರುವುದಿಲ್ಲ. ಇವತ್ತು ಎಡಗಡೆ, ನಾಳೆ ಬಲಗಡೆ ಸಿಕ್ಕರೆ ಒಂದೇ ಚಿರತೆ ಲೆಕ್ಕದಲ್ಲಿ ಎರಡಾಗಿಬಿಡಬಹುದು. ಅದಕ್ಕೇ ಕ್ಯಾಮೆರಾ ಟ್ರ್ಯಾಪ್‌ಗಳನ್ನು (ಪ್ರಾಣಿ ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ದಾರಿಯ ಎರಡೂ ಬದಿಗೆ ಎದುರುಬದುರು ಕಟ್ಟುತ್ತಾರೆ. 1990ರ ದಶಕದಲ್ಲಿ ಹುಲಿ ಸಂಶೋಧಕ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಯ ಪಟ್ಟೆ ನೋಡಿ ಎಣಿಕೆ ಮಾಡಿದ್ದು ಇದೇ ದಾರಿಯಲ್ಲಿ. ಮೊದಲ ಸಲ ಸಿಕ್ಕವುಗಳಲ್ಲಿ ಎಷ್ಟು ಎರಡನೇ ಸಲ ಮತ್ತೆ ಸಿಕ್ಕವು ಅನ್ನುವುದರ ಮೇಲೆ, ಕ್ಯಾಮೆರಾಕ್ಕೆ ಸಿಗದೇ ಉಳಿದವನ್ನೂ ಸೇರಿಸಿ ಅಂದಾಜು ಹಾಕುತ್ತಾರೆ. (ಸಮುದ್ರದ ತಿಮಿಂಗಿಲ ಶಾರ್ಕ್‌ಗೆ ಇನ್ನೂ ಮಜಾ: ಆಕಾಶದ ನಕ್ಷತ್ರಗಳ ಚಿತ್ರ ಹೊಂದಿಸುತ್ತಿದ್ದ ಲೆಕ್ಕವನ್ನೇ ಅದರ ಚುಕ್ಕೆ ಹೊಂದಿಸಲು ಬಳಸಿಕೊಂಡರು.) ಚಿರತೆಯ ಹಿಂದೆ ನೀವು ಹೋಗಬೇಡಿ. ಕ್ಯಾಮೆರಾ ಟ್ರ್ಯಾಪ್ ಕಟ್ಟಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅಕಸ್ಮಾತ್ ಕಾರಿನಿಂದ ಕಂಡರೆ ಮುಖದ ಆಸೆ ಬಿಟ್ಟು ಮಗ್ಗುಲು ಪೂರ್ತಿ ಬರುವಂತೆ ತೆಗೆಯಿರಿ.

ನಿಮಗೆ ನಿಜವಾಗಿ ಹೊಂದುವ ಜಾಗ ಶಿರಾ ತಾಲ್ಲೂಕಿನ ಕಗ್ಗಲಡು. ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರೇ ಕಾಯುತ್ತಾರೆ. ಬೆಳೆದ ಕೊಕ್ಕರೆಗೆ ಎದೆಯ ಮೇಲೆ ಕಪ್ಪು-ಬಿಳಿ ಪಟ್ಟಿ, ಬಾಲದ ಹತ್ತಿರ ಗುಲಾಬಿ ಗರಿ. ಮರಿಗೆ ಎರಡೂ ಇಲ್ಲ, ಮಾಸಲು ಕಂದು. ಹಾಗಾಗಿ ಇಡೀ ಮರದ ಒಂದು ಸ್ಪಷ್ಟ ಫೋಟೊದಲ್ಲಿ ದೊಡ್ಡವೆಷ್ಟು, ಮರಿಗಳೆಷ್ಟು ಅಂತ ಕೂತು ಎಣಿಸಬಹುದು. ಪ್ರತಿ ವರ್ಷ ಅದೇ ಮರ, ಅದೇ ಜಾಗದಲ್ಲಿ ನಿಂತು, ತಾರೀಖು ಬರೆದು ತೆಗೆದರೆ ಅದು ದಾಖಲೆ. ಗರಿಯ ಕ್ಲೋಸಪ್ ಗೋಡೆಗೆ ಚೆನ್ನಾಗಿರುತ್ತದೆ, ಅಷ್ಟೇ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳಿಗೆ ಮಚ್ಚೆ ಲೆಕ್ಕ ನಡೆಯಲ್ಲ. ಅಲ್ಲಿ ಹಿಂಡಿನ ಫೋಟೊ ತೆಗೆಯಿರಿ: ಕಪ್ಪು ಮೈ, ತಿರುಚಿದ ಕೊಂಬಿನ ಗಂಡು, ಕೊಂಬಿಲ್ಲದ ಕಂದು ಹೆಣ್ಣು, ಮರಿ. ಚಿಟ್ಟೆಗಳಲ್ಲಿ ಉಲ್ಟಾ, ಅಲ್ಲಿ ಚುಕ್ಕೆಯೇ ಮುಖ್ಯ. ಒದ್ದೆ ಮಣ್ಣಿನ ಮೇಲೆ ಕೂರುವ ಉಗುರಗಲದ ನೀಲಿ ಚಿಟ್ಟೆಗಳು ರೆಕ್ಕೆ ಬಿಚ್ಚಿದಾಗ ಎಷ್ಟೋ ಒಂದೇ ಥರ ಕಾಣುತ್ತವೆ. ಜಾತಿ ಹೇಳುವುದು ಮುಚ್ಚಿದ ರೆಕ್ಕೆಯ ಕೆಳಮೈಯ ಚುಕ್ಕೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ನಮ್ಮ ಬಯಲುಸೀಮೆಯ ಕುರುಚಲಲ್ಲಿ ನಕ್ಷತ್ರ ಆಮೆ ಸಿಕ್ಕರೆ, ಚಿಪ್ಪಿನ ಪ್ರತಿ ಉಬ್ಬಿನಿಂದ ಹರಡುವ ಆ ಹಳದಿ ಗೆರೆ ನೋಡಿ ಯಾರ ಕೈಯೂ ಕ್ಯಾಮೆರಾಕ್ಕೆ ಹೋಗುತ್ತದೆ. ಆ ಗೆರೆಯೇ ಅದಕ್ಕೆ ಮುಳುವು. ಸಾಕಲೆಂದು ಕದ್ದು ಸಾಗಿಸುವ ದಂಧೆ ಎಷ್ಟಿತ್ತೆಂದರೆ 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸುವ ಪಟ್ಟಿಗೆ ಸೇರಿಸಿದರು. ಫೋಟೊ ಹಾಕಿದರೆ ಊರಿನ ಹೆಸರು ಬೇಡ, ಮೊಬೈಲಿನ ಲೊಕೇಶನ್ ಆಫ್ ಮಾಡಿ. ವಾಟ್ಸಾಪ್ ಗುಂಪಿಗೂ ಬೇಡ. ಜೀವಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದರೆ ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಅವರೇ ಮಸುಕು ಮಾಡಿ ತೋರಿಸುತ್ತಾರೆ, ಸಂಶೋಧಕರಿಗೂ ದಾಖಲೆ ಸಿಗುತ್ತದೆ. ಉಳಿದ ಫೋಟೊಗಳಿಗೆ ಮಾತ್ರ ಜಾಗ, ದಿನಾಂಕ ಸರಿಯಾಗಿ ಹಾಕಿ. ಅದಿಲ್ಲದ ಫೋಟೊ ಎಷ್ಟೇ ಶಾರ್ಪ್ ಇದ್ದರೂ ಯಾರೂ ಮುಟ್ಟಲ್ಲ.

ಇನ್ನು ಲೆನ್ಸ್. ಚಿಟ್ಟೆ, ಜೇಡಗಳೇ ನಿಮ್ಮ ಪ್ರಾಣ ಅಂದರೆ ಮ್ಯಾಕ್ರೋ ತಗೊಳ್ಳಿ. ಕಗ್ಗಲಡು, ಮೈದನಹಳ್ಳಿ ಅಂದರೆ ಜೂಮ್ ಚೆನ್ನಾಗಿರುವ ಹಳೇ ಕ್ಯಾಮೆರಾ ಸಾಕು, ಉಳಿದ ದುಡ್ಡು ಪೆಟ್ರೋಲಿಗಾಗುತ್ತದೆ.